ದಿಕ್ಕು ಹಿಡಿದರೆ ರೇಂಜ್ ಸಿಗುತ್ತದೆ: ಡೈರೆಕ್ಷನಲ್ ಆಂಟೆನಾ ಕೆಲಸ ಮಾಡುವ ಬಗೆ

ಪದವಿನ ಮೇಲೆ ನಿಂತರೆ ಮೊಬೈಲಿನಲ್ಲಿ ನಾಲ್ಕು ಕಡ್ಡಿ. ಅಲ್ಲಿಂದ ಇಳಿದು ಬೈಲಿನ ಮನೆಗೆ ಬಂದರೆ ಒಂದೂ ಇಲ್ಲ. ಕಾಸರಗೋಡಿನ ಒಳನಾಡಿನಲ್ಲಾಗಲಿ, ದಕ್ಷಿಣ ಕನ್ನಡದ ಗಡಿ ಗ್ರಾಮಗಳಲ್ಲಾಗಲಿ ಇದು ಗೊತ್ತಿಲ್ಲದ ಮನೆ ಕಡಿಮೆ. 2020ರಲ್ಲಿ ಶಾಲೆಗಳು ಮುಚ್ಚಿ ತರಗತಿ ಮೊಬೈಲಿಗೆ ಬಂದಾಗ ಎಷ್ಟೋ ಮಕ್ಕಳು ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಿದರು. ಗಲ್ಫ್‌ನಲ್ಲಿರುವವರ ವಿಡಿಯೊ ಕಾಲ್ ಬಂದರೆ ಮನೆಮಂದಿಯೆಲ್ಲ ಅಂಗಳದ ಒಂದೇ ಮೂಲೆಯಲ್ಲಿ ಸೇರುವುದು ಈಗಲೂ ಇದೆ.

ಇಂಥ ಮನೆಗಳಿಗೆ 'ಬೂಸ್ಟರ್' ಮಾರುವವರು ಹಲವರಿದ್ದಾರೆ. ಆದರೆ ಸಿಗ್ನಲ್ ಸುಧಾರಿಸುವ ಹಳೆಯ, ಕಾನೂನಿಗೂ ಒಪ್ಪುವ ಒಂದು ದಾರಿ ಬೇರೆಯೇ ಇದೆ. ಅದು ಶಕ್ತಿ ಹೆಚ್ಚಿಸುವ ದಾರಿಯಲ್ಲ, ಇರುವ ಶಕ್ತಿಯನ್ನು ಬೇಕಾದ ದಿಕ್ಕಿಗೆ ತಿರುಗಿಸುವ ದಾರಿ. ಅದರ ಹೆಸರು ಡೈರೆಕ್ಷನಲ್ ಆಂಟೆನಾ, ಅಂದರೆ ದಿಕ್ಕು ಹಿಡಿಯುವ ಆಂಟೆನಾ.

ಗೇನ್ ಅಂದರೆ ಏನು?

ಚಾವಡಿಯ ನಡುವೆ ತೂಗುವ ಬಲ್ಬ್ ಎಲ್ಲ ಕಡೆಗೂ ಬೆಳಕು ಚೆಲ್ಲುತ್ತದೆ. ಅದೇ ಬಲ್ಬನ್ನು ಟಾರ್ಚಿನ ಬೋಗುಣಿಯೊಳಗೆ ಇಟ್ಟರೆ ಬೆಳಕು ತೋಟದ ಆ ತುದಿಯವರೆಗೆ ಹೋಗುತ್ತದೆ. ಬಲ್ಬಿನ ಶಕ್ತಿ ಹೆಚ್ಚಲಿಲ್ಲ. ಹಿಂದಕ್ಕೂ ಬದಿಗೂ ಹೋಗುತ್ತಿದ್ದ ಬೆಳಕು ಮುಂದಕ್ಕೆ ಬಂತು, ಅಷ್ಟೆ. ರೇಡಿಯೊ ಅಲೆಗಳೂ ಬೆಳಕಿನ ಜಾತಿಗೇ ಸೇರಿದವು. ಹಾಗಾಗಿ ಅವಕ್ಕೂ ಇದೇ ನಿಯಮ.

ಸುತ್ತಲೂ ಸಮನಾಗಿ ಅಲೆ ಕಳುಹಿಸುವುದು ಓಮ್ನಿ ಆಂಟೆನಾ. ಮನೆಯ ವೈಫೈ ರೂಟರಿನ ಕೋಲು ಈ ಬಗೆಯದ್ದು. ಒಂದು ಕಡೆಗೆ ಮಾತ್ರ ಒಟ್ಟುಗೂಡಿಸಿ ಕಳುಹಿಸುವುದು ಡೈರೆಕ್ಷನಲ್. ಎಲ್ಲ ದಿಕ್ಕಿಗೂ ಸಮನಾಗಿ ಹಂಚುವ ಒಂದು ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದರೆ, ತನ್ನ ಮುಖ್ಯ ದಿಕ್ಕಿನಲ್ಲಿ ಇದು ಎಷ್ಟು ಪಟ್ಟು ಬಲವಾಗಿ ಕಳುಹಿಸುತ್ತದೆ ಎಂಬ ಲೆಕ್ಕಕ್ಕೆ 'ಗೇನ್' ಎಂದು ಹೆಸರು. ಅದನ್ನು ಅಳೆಯುವುದು ಡಿಬಿಐ ಎಂಬ ಮಾನದಲ್ಲಿ.

ಡಿಬಿ ಲೆಕ್ಕ ಮೊದಲಿಗೆ ಗೊಂದಲ ಅನಿಸಬಹುದು. ಮೂರು ಮಾತು ನೆನಪಿಟ್ಟುಕೊಂಡರೆ ಸಾಕು: 3 ಡಿಬಿ ಹೆಚ್ಚಿದರೆ ಶಕ್ತಿ ಎರಡು ಪಟ್ಟು, 10 ಡಿಬಿ ಹೆಚ್ಚಿದರೆ ಹತ್ತು ಪಟ್ಟು, 20 ಡಿಬಿ ಹೆಚ್ಚಿದರೆ ನೂರು ಪಟ್ಟು. ರೂಟರಿನ ಕೋಲಿಗೆ 2ರಿಂದ 5 ಡಿಬಿಐ ಗೇನ್ ಇರುತ್ತದೆ. ತಾರಸಿಯಲ್ಲಿ ನಿಲ್ಲಿಸುವ ಜಾಲರಿ ಡಿಶ್‌ಗೆ 24 ಡಿಬಿಐ, ಅಂದರೆ ಸುಮಾರು 250 ಪಟ್ಟು. 60 ಸೆಂಟಿಮೀಟರಿನ ಡಿಟಿಎಚ್ ಡಿಶ್‌ಗೆ 35 ಡಿಬಿಐ ಆಸುಪಾಸು, ಅಂದರೆ ಸುಮಾರು 3000 ಪಟ್ಟು.

ಆದರೆ ಈ ಲಾಭ ಪುಕ್ಕಟೆ ಬರುವುದಿಲ್ಲ. ಗೇನ್ ಹೆಚ್ಚಿದಷ್ಟೂ ಕಿರಣ ಸಪೂರ ಆಗುತ್ತದೆ. ಆ ಡಿಟಿಎಚ್ ಡಿಶ್ ನೋಡುವುದು ಆಕಾಶದ ಸುಮಾರು 3 ಡಿಗ್ರಿಯಷ್ಟು ಅಗಲವನ್ನು ಮಾತ್ರ. ಗಾಳಿಗೆ ಡಿಶ್ ಸ್ವಲ್ಪ ತಿರುಗಿದರೂ ಟಿವಿ ನಿಲ್ಲುವುದು ಇದೇ ಕಾರಣಕ್ಕೆ.

ಕಳುಹಿಸುವ ಬಾಯಿಯೇ ಕೇಳುವ ಕಿವಿ

ಆಂಟೆನಾದ ಇನ್ನೊಂದು ಗುಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಯಾವ ದಿಕ್ಕಿಗೆ ಅದು ಬಲವಾಗಿ ಕಳುಹಿಸುತ್ತದೋ, ಆ ದಿಕ್ಕಿನಿಂದ ಬರುವುದನ್ನೂ ಅಷ್ಟೇ ಬಲವಾಗಿ ಹಿಡಿಯುತ್ತದೆ. ದೂರದವರನ್ನು ಕೂಗುವಾಗ ಬಾಯಿಗೆ ಎರಡೂ ಕೈ ಅಡ್ಡ ಹಿಡಿಯುತ್ತೇವೆ. ಅವರ ಉತ್ತರ ಕೇಳಲು ಕಿವಿಯ ಹಿಂದೆ ಕೈ ಇಡುತ್ತೇವೆ. ಡೈರೆಕ್ಷನಲ್ ಆಂಟೆನಾ ಈ ಎರಡನ್ನೂ ಒಟ್ಟಿಗೆ ಮಾಡುತ್ತದೆ.

ಅಷ್ಟು ಮಾತ್ರವಲ್ಲ, ಬೇರೆ ಕಡೆಯ ಗದ್ದಲವನ್ನು ಅದು ತಡೆಯುತ್ತದೆ. ವೈರ್‌ಲೆಸ್ ಸಂಪರ್ಕದ ಗುಣಮಟ್ಟ ನಿಂತಿರುವುದು ಸಿಗ್ನಲ್ ಎಷ್ಟಿದೆ ಎಂಬುದರ ಮೇಲೆ ಮಾತ್ರ ಅಲ್ಲ, ಗದ್ದಲಕ್ಕಿಂತ ಅದು ಎಷ್ಟು ಮೇಲಿದೆ ಎಂಬುದರ ಮೇಲೆ. ಪಕ್ಕದ ಟವರ್, ನೆರೆಮನೆಯ ವೈಫೈ, ಗೋಡೆಗೆ ಬಡಿದು ತಡವಾಗಿ ಬರುವ ಅದೇ ಸಿಗ್ನಲಿನ ಪ್ರತಿಫಲನ, ಇದೆಲ್ಲವೂ ಗದ್ದಲವೇ. ಮೊಬೈಲಿನಲ್ಲಿ ಕಡ್ಡಿಗಳು ತುಂಬ ಇದ್ದರೂ ಇಂಟರ್ನೆಟ್ ತೆವಳುವುದು ಎಷ್ಟೋ ಸಲ ಇದರಿಂದಲೇ.

ಹತ್ತು ಕಿಲೋಮೀಟರಿನ ಒಂದು ಲೆಕ್ಕ

ಒಂದು ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ನಡುವೆ ಯಾವ ಅಡ್ಡಿಯೂ ಇಲ್ಲದ ಎರಡು ಗುಡ್ಡಗಳು, ಅಂತರ 10 ಕಿ.ಮೀ. 2.4 ಗಿಗಾಹರ್ಟ್ಸ್ ವೈಫೈ ಅಲೆ ಇಷ್ಟು ದೂರ ಸಾಗುವಾಗ ಹರಡಿ ಹರಡಿ ಸುಮಾರು 120 ಡಿಬಿ ಸೊರಗುತ್ತದೆ. ರೂಟರಿನ ಶಕ್ತಿ 100 ಮಿಲಿವಾಟ್, ಅಂದರೆ 20 ಡಿಬಿಎಂ ಎಂದು ಇಟ್ಟುಕೊಳ್ಳೋಣ. ಎರಡೂ ಕಡೆ 2 ಡಿಬಿಐ ಕೋಲು ಆಂಟೆನಾ ಇದ್ದರೆ ಆ ಕಡೆ ಸಿಗುವುದು ಮೈನಸ್ 96 ಡಿಬಿಎಂ. ಇಷ್ಟು ಕ್ಷೀಣ ಸಿಗ್ನಲಿನಿಂದ ವೈಫೈ ಕೆಲಸ ಆಗದು.

ಈಗ ಎರಡೂ ಕಡೆ 24 ಡಿಬಿಐ ಡಿಶ್ ಇಟ್ಟು ಪರಸ್ಪರ ಮುಖ ಮಾಡಿಸಿ, ರೂಟರಿನ ಶಕ್ತಿಯನ್ನು 12 ಡಿಬಿಎಂಗೆ, ಅಂದರೆ ಸುಮಾರು 16 ಮಿಲಿವಾಟಿಗೆ ಇಳಿಸೋಣ. ಆ ಕಡೆ ಸಿಗುವುದು ಮೈನಸ್ 60 ಡಿಬಿಎಂ. ಇದು ಮೊದಲಿನದ್ದಕ್ಕಿಂತ ಸುಮಾರು 4000 ಪಟ್ಟು ಬಲ, ವಿಡಿಯೊ ಕಾಲಿಗೆ ಧಾರಾಳ. ಶಕ್ತಿ ಆರನೇ ಒಂದು ಭಾಗಕ್ಕೆ ಇಳಿಯಿತು, ಸಂಪರ್ಕ ಮಾತ್ರ ಆಯಿತು.

ಶಕ್ತಿ ಇಳಿಸಿದ್ದಕ್ಕೆ ಕಾರಣವಿದೆ. ಭಾರತದಲ್ಲಿ 2005ರ ಅಧಿಸೂಚನೆಯಂತೆ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಆದರೆ ರೇಡಿಯೊದ ಶಕ್ತಿ ಮತ್ತು ಆಂಟೆನಾದ ಗೇನ್ ಎರಡೂ ಸೇರಿ 4 ವಾಟ್, ಅಂದರೆ 36 ಡಿಬಿಎಂ ಮೀರಬಾರದು. 24 ಡಿಬಿಐ ಡಿಶ್ ಇಟ್ಟಾಗ ರೇಡಿಯೊಗೆ ಉಳಿಯುವುದು 12 ಮಾತ್ರ. ಈ ಮಿತಿ ಕಳುಹಿಸುವ ಕಡೆಗೆ. ಕೇಳುವ ಕಡೆ ಡಿಶ್‌ನಿಂದ ಸಿಗುವ 250 ಪಟ್ಟು ಲಾಭ ಪೂರ್ತಿ ನಮಗೇ.

ಹರ್ಟ್ಸ್‌ನಿಂದ ಯಾಗಿಯವರೆಗೆ

ದಿಕ್ಕು ಹಿಡಿಯುವ ಉಪಾಯ ರೇಡಿಯೊದಷ್ಟೇ ಹಳೆಯದು. ರೇಡಿಯೊ ಅಲೆಗಳಿವೆ ಎಂದು ಪ್ರಯೋಗದಿಂದ ತೋರಿಸಿದ ಜರ್ಮನಿಯ ಹೈನ್ರಿಕ್ ಹರ್ಟ್ಸ್, 1888ರಲ್ಲಿಯೇ ಸತುವಿನ ತಗಡನ್ನು ಬಾಗಿಸಿ ಅಲೆಗಳನ್ನು ಒಂದೇ ಕಡೆಗೆ ಕಳುಹಿಸಿದ್ದರು. 1890ರ ದಶಕದಲ್ಲಿ ಕಲ್ಕತ್ತಾದ ಜಗದೀಶ್ ಚಂದ್ರ ಬೋಸರು ಮಿಲಿಮೀಟರ್ ಅಳತೆಯ ಅಲೆಗಳ ಮೇಲೆ ಕೆಲಸ ಮಾಡುತ್ತ ಹಾರ್ನ್ ಆಂಟೆನಾ ಬಳಸಿದರು. ಇವತ್ತಿಗೂ ಡಿಟಿಎಚ್ ಡಿಶ್‌ನ ಎದುರು ಕಂಬಿಯ ತುದಿಯಲ್ಲಿರುವ ಆ ಸಣ್ಣ ಭಾಗದೊಳಗೆ ಇರುವುದು ಅದೇ ಹಾರ್ನ್‌ನ ಸಂತತಿ.

ನಮ್ಮ ಹಂಚಿನ ಮಾಡಿನ ಮೇಲೆ, ಮೀನಿನ ಮುಳ್ಳಿನ ಹಾಗೆ ನಿಂತಿರುತ್ತಿದ್ದ ದೂರದರ್ಶನದ ಆಂಟೆನಾ ನೆನಪಿದೆಯಲ್ಲ, ಅದು ಯಾಗಿ-ಉಡ ಆಂಟೆನಾ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಶಿಂತಾರೊ ಉಡ ಮತ್ತು ಹಿದೆತ್ಸುಗು ಯಾಗಿ 1926ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಸ್ವಂತ ದೇಶದಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ. 1942ರಲ್ಲಿ ಸಿಂಗಾಪುರ ಜಪಾನೀಯರ ಕೈಗೆ ಬಂದಾಗ ಬ್ರಿಟಿಷರ ರೇಡಾರ್ ಟಿಪ್ಪಣಿಗಳಲ್ಲಿ 'ಯಾಗಿ' ಎಂಬ ಪದ ಕಂಡು ಅವರಿಗೆ ಅರ್ಥವಾಗಲಿಲ್ಲವಂತೆ. ಅದು ನಿಮ್ಮದೇ ದೇಶದ ಪ್ರೊಫೆಸರ್ ಹೆಸರು ಎಂದು ತಿಳಿಸಿದ್ದು ಸೆರೆಸಿಕ್ಕ ಬ್ರಿಟಿಷ್ ಸೈನಿಕ ಎಂಬ ಕಥೆ ರೇಡಿಯೊ ಚರಿತ್ರೆಯಲ್ಲಿ ಪ್ರಸಿದ್ಧ.

ಯಾಗಿಯ ರಚನೆ ಸರಳ. ಕೇಬಲ್ ಸೇರುವ ಕಡ್ಡಿ ಒಂದೇ, ಅದರ ಉದ್ದ ಅಲೆಯ ಉದ್ದದ ಸುಮಾರು ಅರ್ಧ. ಅದರ ಹಿಂದೆ ಸ್ವಲ್ಪ ಉದ್ದದ ಒಂದು ಕಡ್ಡಿ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ. ಮುಂದೆ ಇರುವ ಸ್ವಲ್ಪ ಗಿಡ್ಡ ಕಡ್ಡಿಗಳು ಅಲೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಸಾಲಾಗಿ ಸಾಗಿಸುತ್ತವೆ. ಕಡ್ಡಿ ಹೆಚ್ಚಿದಷ್ಟು ಗೇನ್ ಹೆಚ್ಚು. ಹಾಗಾಗಿ ಯಾಗಿಯನ್ನು ಗುರಿ ಇಡುವಾಗ ಗಿಡ್ಡ ಕಡ್ಡಿಗಳ ತುದಿ ಟವರಿನ ಕಡೆಗಿರಬೇಕು. ಉಲ್ಟಾ ಕಟ್ಟಿ 'ಇದು ಕೆಲಸ ಮಾಡಲ್ಲ' ಅನ್ನುವವರೂ ಇದ್ದಾರೆ.

ಅಲೆ ಗಿಡ್ಡವಾದರೆ ಆಂಟೆನಾವೂ ಗಿಡ್ಡ. ಹಳೆಯ ಟಿವಿ ಆಂಟೆನಾದ ಕಡ್ಡಿಗಳು ಮುಕ್ಕಾಲು ಮೀಟರಿಂದ ಮೇಲೆ ಇರುತ್ತಿದ್ದವು. 900 ಮೆಗಾಹರ್ಟ್ಸ್ ಮೊಬೈಲ್ ಅಲೆಗೆ 16 ಸೆಂಟಿಮೀಟರ್ ಸಾಕು, 2.4 ಗಿಗಾಹರ್ಟ್ಸ್ ವೈಫೈಗೆ 6 ಸೆಂಟಿಮೀಟರ್.

ಟವರಿನ ಮೇಲಿನ ಉದ್ದ ಪೆಟ್ಟಿಗೆಗಳು

ಮೊಬೈಲ್ ಟವರನ್ನು ಕೆಳಗಿನಿಂದ ನೋಡಿದರೆ ಮೂರು ದಿಕ್ಕಿಗೆ ಮುಖ ಮಾಡಿದ ಉದ್ದನೆಯ ಬಿಳಿ ಪೆಟ್ಟಿಗೆಗಳು ಕಾಣುತ್ತವೆ. ಅವು ಸೆಕ್ಟರ್ ಆಂಟೆನಾ. ಸಾಮಾನ್ಯವಾಗಿ ಒಂದೊಂದು ಸೆಕ್ಟರ್ 120 ಡಿಗ್ರಿ ನೋಡಿಕೊಳ್ಳುತ್ತದೆ, ಮೂರು ಸೇರಿದರೆ ಸುತ್ತಳತೆ ಪೂರ್ತಿ. ಹೀಗೆ ಪಾಲು ಮಾಡಿದ್ದರಿಂದ ಒಂದೇ ಟವರ್ ಮೂರು ಟವರಿನಷ್ಟು ಜನರಿಗೆ ಸೇವೆ ಕೊಡಬಲ್ಲದು, ಮೂರೂ ಸೆಕ್ಟರ್ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು.

ಈ ಪೆಟ್ಟಿಗೆಯ ಕಿರಣ ಅಡ್ಡಕ್ಕೆ ಅಗಲ, ಲಂಬಕ್ಕೆ ಸಪೂರ. ಅದನ್ನು ಕೆಲವು ಡಿಗ್ರಿ ಮಾತ್ರ ಕೆಳಗೆ ಬಾಗಿಸಿರುತ್ತಾರೆ. ಅದರ ಪರಿಣಾಮ ಎರಡು. ಒಂದು, ಮುಖ್ಯ ಕಿರಣ ಟವರಿನ ಬುಡದ ಮನೆಯ ತಲೆ ಮೇಲಿಂದ ದಾಟಿ ಹೋಗುತ್ತದೆ. ಟವರ್ ಪಕ್ಕದಲ್ಲಿದ್ದರೂ ರೇಂಜ್ ಇಲ್ಲ ಎಂಬ ದೂರಿಗೆ ಇದು ಕಾರಣವಾಗಬಹುದು. ಎರಡು, ಗುಡ್ಡದ ಮೇಲಿನ ಟವರಿನ ಕಿರಣ ಆಚೆ ಗುಡ್ಡಕ್ಕೆ ತಾಗುತ್ತದೆ, ನಡುವಿನ ಬೈಲು ನೆರಳಿನಲ್ಲಿ ಉಳಿಯುತ್ತದೆ.

ಟವರ್ ಬಂದರೆ ವಿಕಿರಣದ ಭಯ ಎಂದು ವಿರೋಧಿಸುವವರೂ ಈ ದಿಕ್ಕಿನ ಲೆಕ್ಕವನ್ನು ಗಮನಿಸಬೇಕು. ಭಾರತ 2012ರಲ್ಲಿ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಇನ್ನೊಂದು ಕಡೆ, ಟವರ್ ದೂರವಾದಷ್ಟೂ ಕಿವಿಗೆ ಅಂಟಿಕೊಂಡ ಮೊಬೈಲೇ ಹೆಚ್ಚು ಶಕ್ತಿಯಿಂದ ಕೂಗಬೇಕಾಗುತ್ತದೆ.

ಭಾರತಕ್ಕೆ 2022ರ ಅಕ್ಟೋಬರಿನಲ್ಲಿ ಬಂದ 5ಜಿ ಈ ಉಪಾಯವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿದೆ. ಅದರ ಪೆಟ್ಟಿಗೆಯೊಳಗೆ ಹತ್ತಾರು ಪುಟ್ಟ ಆಂಟೆನಾಗಳ ಸಾಲಿದೆ. ಕೆರೆಗೆ ಎರಡು ಕಲ್ಲು ಒಟ್ಟಿಗೆ ಹಾಕಿದರೆ ಕೆಲವೆಡೆ ಅಲೆಯ ಮೇಲೆ ಅಲೆ ಕೂಡಿ ಎತ್ತರವಾಗುತ್ತದೆ, ಕೆಲವೆಡೆ ಒಂದನ್ನೊಂದು ಅಳಿಸಿ ನೀರು ಸುಮ್ಮನಾಗುತ್ತದೆ. ಒಂದು ಕಲ್ಲನ್ನು ಚೂರು ತಡವಾಗಿ ಹಾಕಿದರೆ ಎತ್ತರದ ಜಾಗ ಪಕ್ಕಕ್ಕೆ ಸರಿಯುತ್ತದೆ. 5ಜಿ ಆಂಟೆನಾ ಮಾಡುವುದೂ ಇದನ್ನೇ. ಒಂದೊಂದು ಪುಟ್ಟ ಆಂಟೆನಾಕ್ಕೆ ಹೋಗುವ ಸಿಗ್ನಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ, ಏನನ್ನೂ ತಿರುಗಿಸದೆ ಕಿರಣವನ್ನು ಬಳಕೆದಾರನ ಕಡೆಗೆ ತಿರುಗಿಸುತ್ತದೆ. ಇದಕ್ಕೆ ಬೀಮ್‌ಫಾರ್ಮಿಂಗ್ ಎನ್ನುತ್ತಾರೆ. ಹೊಸ ವೈಫೈ ರೂಟರುಗಳಲ್ಲೂ ಇದು ಸಣ್ಣ ಮಟ್ಟದಲ್ಲಿದೆ.

ಆಸ್ಪತ್ರೆಗೂ ಕಡಲಿಗೂ

ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ ಈ ವಿದ್ಯೆಯನ್ನು ಬಡವರ ಕೆಲಸಕ್ಕೆ ಹಚ್ಚಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ, ಹಳ್ಳಿಗಳಲ್ಲಿರುವ ನೇತ್ರ ಕೇಂದ್ರಗಳನ್ನು ಡೈರೆಕ್ಷನಲ್ ಆಂಟೆನಾ ಮತ್ತು ಅಗ್ಗದ ವೈಫೈ ಉಪಕರಣದಿಂದ ಆಸ್ಪತ್ರೆಗೆ ಜೋಡಿಸಿತು. ರೋಗಿ ಹಳ್ಳಿಯಲ್ಲೇ ಕುಳಿತು ಪಟ್ಟಣದ ಡಾಕ್ಟರನ್ನು ವಿಡಿಯೊದಲ್ಲಿ ಕಂಡ. ಅಲ್ಲಿ ಆಂಟೆನಾ ಬದಲಿಸಿದ್ದು ಮಾತ್ರ ಸಾಲಲಿಲ್ಲ. ಸಾಮಾನ್ಯ ವೈಫೈ ಉತ್ತರಕ್ಕಾಗಿ ಬಹಳ ಕಡಿಮೆ ಹೊತ್ತು ಕಾಯುತ್ತದೆ. ದೂರದಿಂದ ಉತ್ತರ ಬರುವಷ್ಟು ಹೊತ್ತು ಕಾಯುವಂತೆ ಸಾಫ್ಟ್‌ವೇರನ್ನೂ ತಿದ್ದಬೇಕಾಯಿತು. ಇದೇ ಬಗೆಯ ವೈಫೈಯನ್ನು 2007ರಲ್ಲಿ ವೆನೆಜುವೆಲಾದಲ್ಲಿ ಎರ್ಮಾನ್ನೊ ಪಿಯೆಟ್ರೊಸೆಮೊಲಿ ಮತ್ತು ಸಂಗಡಿಗರು ಎರಡು ಬೆಟ್ಟಗಳ ನಡುವೆ 382 ಕಿ.ಮೀ. ದೂರಕ್ಕೆ ಮುಟ್ಟಿಸಿದರು.

ಕರಾವಳಿಯವರಿಗೆ ಕಡಲಿನ ಮಾತು ಮುಖ್ಯ. ದಡದಿಂದ ಸ್ವಲ್ಪ ದೂರ ಹೋದರೆ ಬೋಟಿನವರ ಮೊಬೈಲ್ ಸತ್ತಂತೆ. ಭೂಮಿ ದುಂಡಗಿರುವುದರಿಂದ ರೇಡಿಯೊಗೂ ದಿಗಂತವಿದೆ. ದಡದಲ್ಲಿ 50 ಮೀಟರ್ ಎತ್ತರದ ಟವರ್, ಬೋಟಿನಲ್ಲಿ 5 ಮೀಟರ್ ಎತ್ತರದಲ್ಲಿ ಆಂಟೆನಾ ಇದ್ದರೆ ನೇರ ಸಂಪರ್ಕ ಸುಮಾರು 38 ಕಿ.ಮೀ. ವರೆಗೆ ಸಾಧ್ಯ. ಕೇರಳದ ಕೊಲ್ಲಂ ಜಿಲ್ಲೆಯ ಅಮೃತಪುರಿಯಲ್ಲಿರುವ ಅಮೃತ ವಿಶ್ವವಿದ್ಯಾಪೀಠದ ಸಂಶೋಧಕರು 'ಓಷನ್‌ನೆಟ್' ಎಂಬ ಹೆಸರಿನಲ್ಲಿ ಮೀನುಗಾರರ ಬೋಟಿಗೆ ದೂರ ವ್ಯಾಪ್ತಿಯ ವೈಫೈ ಕೊಡುವ ಪ್ರಯೋಗ ನಡೆಸಿದ್ದಾರೆ. ಇಲ್ಲಿ ತೊಡಕು ಏನೆಂದರೆ ಬೋಟ್ ಒಂದೇ ಕಡೆ ಮುಖ ಮಾಡಿ ನಿಲ್ಲುವುದಿಲ್ಲ. ಅಲೆಗೆ ಓಲಾಡುತ್ತದೆ, ಬಲೆ ಎಳೆಯುವಾಗ ತಿರುಗುತ್ತದೆ. ಸಪೂರ ಕಿರಣದ ಆಂಟೆನಾ ಬೋಟಿಗೆ ಹೊಂದುವುದಿಲ್ಲ. ಆದ್ದರಿಂದ ದಿಕ್ಕು ಹಿಡಿಯುವ ಕೆಲಸವನ್ನು ಅಲುಗಾಡದ ದಡದ ಟವರಿಗೆ ಬಿಟ್ಟು, ಬೋಟಿನಲ್ಲಿ ಅಗಲ ಕಿರಣದ ಆಂಟೆನಾ ಇಡುವುದು ಜಾಣತನ.

ಮನೆಯಲ್ಲಿ ಏನು ಮಾಡಬಹುದು?

ಮೊಬೈಲಿಗೆ ನೇರವಾಗಿ ಹೊರಗಿನ ಆಂಟೆನಾ ಜೋಡಿಸಲು ಇಂದು ಜಾಗ ಇರುವುದಿಲ್ಲ. ಬಳಸಬೇಕಾದ್ದು ಹೊರ ಆಂಟೆನಾ ಜೋಡಿಸುವ ತೂತುಗಳಿರುವ, ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್. ಅದು ಟವರಿನಿಂದ ಸಿಗ್ನಲ್ ಹಿಡಿದು ಮನೆಯೊಳಗೆ ವೈಫೈ ಹಂಚುತ್ತದೆ. ಮೊಬೈಲಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಸಾಮಾನ್ಯ ಕರೆಗಳೂ ಅದರ ಮೂಲಕವೇ ಬರುತ್ತವೆ.

ಮೊದಲ ಕೆಲಸ ಟವರ್ ಎಲ್ಲಿದೆ ಎಂದು ತಿಳಿಯುವುದು. ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಪೋರ್ಟಲಿನಲ್ಲಿ ಸುತ್ತಲಿನ ಟವರುಗಳ ಮಾಹಿತಿ ಇದೆ. ಹತ್ತಿರದ್ದೇ ಒಳ್ಳೆಯದು ಎಂದು ಭಾವಿಸಬಾರದು. ಗುಡ್ಡದ ಮರೆಯ 2 ಕಿ.ಮೀ. ಟವರಿಗಿಂತ ಕಣ್ಣಿಗೆ ಕಾಣುವ 6 ಕಿ.ಮೀ. ಟವರ್ ವಾಸಿ. ತಲಪಾಡಿಯಂಥ ಗಡಿಯಲ್ಲಿ ಇನ್ನೊಂದು ವಿಷಯ ನೋಡಬೇಕು: ಕೇರಳ ಮತ್ತು ಕರ್ನಾಟಕ ಬೇರೆ ಬೇರೆ ಟೆಲಿಕಾಂ ಸರ್ಕಲ್‌ಗಳು. ಎರಡೂ ಕಡೆಯ ಸಿಗ್ನಲ್ ನಡುವೆ ಓಲಾಡುವ ಮನೆಗೆ ಒಂದೇ ಟವರಿಗೆ ಗುರಿಯಿಟ್ಟ ಆಂಟೆನಾ ನೆಮ್ಮದಿ ಕೊಡುತ್ತದೆ.

ಎರಡನೆಯದು ಎತ್ತರ. ಅಲೆ ದಾರದಂತೆ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಆಕಾರದಲ್ಲಿ ಸಾಗುತ್ತದೆ. 10 ಕಿ.ಮೀ. ವೈಫೈ ಸಂಪರ್ಕದಲ್ಲಿ ನಟ್ಟನಡುವೆ ಅದರ ಅರ್ಧ ಅಗಲ ಸುಮಾರು 18 ಮೀಟರ್. ಅದರಲ್ಲಿ 11 ಮೀಟರಿನಷ್ಟಾದರೂ ತೆರವಾಗಿರಬೇಕು. ಅಂದರೆ ಟವರ್ ಕಣ್ಣಿಗೆ ಕಂಡರೆ ಸಾಲದು, ನಡುವಿನ ತೆಂಗಿನ ತಲೆಗಳೂ ಸಾಕಷ್ಟು ಕೆಳಗಿರಬೇಕು. ಮಳೆಗಾಲದ ಒದ್ದೆ ಎಲೆ ಸಿಗ್ನಲನ್ನು ಇನ್ನೂ ಹೆಚ್ಚು ನುಂಗುತ್ತದೆ.

ಮೂರನೆಯದು ಕೇಬಲ್. ಸಾಮಾನ್ಯ ತೆಳು ಕೇಬಲ್ 2.4 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡಿಬಿ ತಿನ್ನುತ್ತದೆ. 10 ಡಿಬಿಐ ಆಂಟೆನಾ ತಂದು 10 ಮೀಟರ್ ತೆಳು ಕೇಬಲ್ ಎಳೆದರೆ ಕೈಗೆ ಬಂದದ್ದು ಬಾಯಿಗೆ ಇಲ್ಲ. ಕೇಬಲ್ ಗಿಡ್ಡವಾಗಿರಲಿ, ದಪ್ಪವಾಗಿರಲಿ.

ನಾಲ್ಕನೆಯದು ತಾಳ್ಮೆ. ಕಡ್ಡಿ ಎಣಿಸುವ ಬದಲು ರೂಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ ಎಂಬ ಸಂಖ್ಯೆ ನೋಡಬೇಕು. ಮೈನಸ್ 80 ಒಳ್ಳೆಯದು, ಮೈನಸ್ 110 ಕಷ್ಟ. ಆಂಟೆನಾವನ್ನು ಐದೈದು ಡಿಗ್ರಿ ತಿರುಗಿಸಿ, ಒಂದು ನಿಮಿಷ ಕಾದು, ಸಂಖ್ಯೆ ಬರೆದುಕೊಂಡು, ಒಳ್ಳೆಯದು ಬಂದಲ್ಲಿ ಬಿಗಿಯಬೇಕು. 4ಜಿ ರೂಟರಿಗೆ ಎರಡು ತೂತಿದ್ದರೆ ಎರಡು ಆಂಟೆನಾ, ಇಲ್ಲವೇ ಎರಡು ಕೇಬಲಿನ ಒಂದು ಪ್ಯಾನೆಲ್ ಬೇಕು.

ಕಂಬ ನೆಡುವಾಗ ಕರೆಂಟ್ ತಂತಿಯಿಂದ ದೂರವಿರಬೇಕು. ಕಂಬಕ್ಕೆ ಅರ್ಥಿಂಗ್ ಮಾಡಿಸಲೇಬೇಕು. ಸಿಡಿಲಿನ ದಿನಗಳಲ್ಲಿ ಕೇಬಲ್ ಕಳಚಿಡುವುದು ಕ್ಷೇಮ. ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ನಟ್ಟುಗಳು ಬೇಗ ತುಕ್ಕು ಹಿಡಿಯುತ್ತವೆ, ಜೋಡಣೆಗಳಿಗೆ ನೀರು ಸೇರದಂತೆ ಟೇಪ್ ಸುತ್ತಬೇಕು.

ಬೂಸ್ಟರ್ ಯಾಕೆ ಬೇಡ?

ಆನ್‌ಲೈನಿನಲ್ಲಿ ಸಿಗುವ ಮೊಬೈಲ್ ಸಿಗ್ನಲ್ ಬೂಸ್ಟರ್, ಅಂದರೆ ರಿಪೀಟರ್, ಬೇರೆಯೇ ವಸ್ತು. ಅದು ಮೊಬೈಲ್ ಕಂಪೆನಿಯ ತರಂಗಾಂತರದಲ್ಲಿ ತಾನೇ ಪ್ರಸಾರ ಮಾಡುತ್ತದೆ. ಅನುಮತಿ ಇಲ್ಲದೆ ಅದನ್ನು ಹಾಕುವುದು, ಇಟ್ಟುಕೊಳ್ಳುವುದು, ಮಾರುವುದು ಭಾರತದಲ್ಲಿ ಅಪರಾಧ. ಕಾನೂನಿನ ಮಾತು ಒಂದು ಕಡೆ ಇರಲಿ, ಅದರಿಂದ ಆಗುವ ಹಾನಿ ನೆರೆಯವರಿಗೆ. ಅಗ್ಗದ ಬೂಸ್ಟರ್ ಸಿಗ್ನಲ್ ಜೊತೆಗೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿಗೆ ತಳ್ಳುತ್ತದೆ. ಆ ಗದ್ದಲದಲ್ಲಿ ದೂರದ ಮನೆಗಳ ಕ್ಷೀಣ ಕರೆ ಟವರಿಗೆ ಕೇಳಿಸುವುದೇ ಇಲ್ಲ. ಒಂದು ಮನೆಗೆ ರೇಂಜ್ ಬಂದು ಹತ್ತು ಮನೆಗೆ ಹೋದಂತಾಗುತ್ತದೆ. ರೂಟರಿಗೆ ಜೋಡಿಸಿದ ಡೈರೆಕ್ಷನಲ್ ಆಂಟೆನಾದಿಂದ ಅಂಥ ಗದ್ದಲ ಏಳುವುದಿಲ್ಲ. ಅಲೆ ಟವರಿನ ಕಡೆಗೆ ಮಾತ್ರ ಹೋಗುವುದರಿಂದ ಉಳಿದ ಕಡೆಯ ಗದ್ದಲವೂ ಕಡಿಮೆ.

ಇದಕ್ಕೂ ಒಂದು ಮಿತಿ ಇದೆ. ಸಿಗ್ನಲ್ ಒಂಚೂರೂ ಬಾರದ ಹೊಂಡದಲ್ಲಿ ಎಷ್ಟು ದೊಡ್ಡ ಆಂಟೆನಾ ಇಟ್ಟರೂ ಪ್ರಯೋಜನ ಇಲ್ಲ. ಅಲ್ಲಿಗೆ ಬೇಕಾದ್ದು ಹೊಸ ಟವರ್, ಇಲ್ಲವೇ ಫೈಬರ್, ಇಲ್ಲವೇ ಸಿಗ್ನಲ್ ಇರುವ ಗುಡ್ಡದಿಂದ ಡಿಶ್ ಮೂಲಕ ಇಳಿಸುವ ವೈಫೈ. ಟವರಿನ ಮೇಲೆ ಜನ ಕಿಕ್ಕಿರಿದು ಸ್ಪೀಡ್ ಕುಸಿದಿದ್ದರೆ ಆ ಕಿಕ್ಕಿರಿತವನ್ನೂ ಆಂಟೆನಾ ನೀಗಿಸದು. ಆದರೆ ತಾರಸಿಯ ಮೇಲೆ ಒಂದು ಕಡ್ಡಿಯಾದರೂ ರೇಂಜ್ ಇರುವ ಮನೆಗೆ ದಾರಿ ಇದೆ. ಅಂಥ ಮನೆಯವರು ಅಂಗಡಿಗೆ ಹೋಗಿ ದುಡ್ಡು ಸುರಿಯುವ ಮೊದಲು ಒಂದು ಸಂಜೆ ಮೊಬೈಲ್ ಹಿಡಿದು ತಾರಸಿ ಹತ್ತಿ, ಯಾವ ದಿಕ್ಕಿನಲ್ಲಿ ಆ ಕಡ್ಡಿ ಎರಡಾಗುತ್ತದೆ ಎಂದು ನೋಡಬೇಕು. ಖರೀದಿ ಆಮೇಲಿನದ್ದು.